ಹವಾಲ್ದಾರರ ಕೋಟಿನ ಅಳತೆ

ನನ್ನ ಅಂಗಡಿಗೆ ಕೋಟು ಹೊಲಿಸಲು ಬರುವ ಗಂಡಸರನ್ನು ನಾನು ಮೊದಲು ಬಟ್ಟೆಯ ವಿಷಯ ಕೇಳುವುದಿಲ್ಲ. "ಬೆಳಿಗ್ಗೆ ಏನು ತಿಂಡಿ ತಿಂದ್ರಿ?" ಅನ್ನುತ್ತೇನೆ. ಕೆಲವರಿಗೆ ಗಾಬರಿಯಾಗುತ್ತದೆ. ಇಲ್ಲೇ ಜೀವನ್ ಬಿಮಾ ನಗರದ ನಿವೃತ್ತ ಅಧಿಕಾರಿಯೊಬ್ಬರು, "ಯಾಕಮ್ಮಾ, ಬ್ಲಡ್ ಟೆಸ್ಟ್ ಮಾಡ್ತೀರಾ?" ಅಂದಿದ್ದರು. ಇಡ್ಲಿಯೋ ಉಪ್ಪಿಟ್ಟೋ ಅಂತ ಅವರು ನೆನಪು ಮಾಡಿಕೊಂಡು ಹೇಳುವಷ್ಟರಲ್ಲಿ ನನ್ನ ಟೇಪು ಅವರ ಎದೆ, ಹೊಟ್ಟೆ, ಭುಜ ಎಲ್ಲ ಸುತ್ತಿ ಬಂದಿರುತ್ತದೆ. ಮಾತಾಡುವ ಮನುಷ್ಯ ಉಸಿರು ಬಿಗಿ ಹಿಡಿಯಲಾರ. ಉಸಿರು ಹಿಡಿದು ನಿಂತವನ ಅಳತೆ ತೆಗೆದರೆ ಆ ಕೋಟು ಅವನಿಗೆ ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಮಾತ್ರ ಸರಿಹೋಗುತ್ತದೆ, ಊಟಕ್ಕೆ ಕೂತ ಕೂಡಲೇ ಗುಂಡಿ ಕಿತ್ತು ಬರುತ್ತದೆ.

ಧೈರ್ಯ ಅಂದರೆ ಎದೆಯುಬ್ಬಿಸಿ ನಿಲ್ಲುವುದು ಅಂತ ಬಹಳ ವರ್ಷ ನಂಬಿದ್ದವಳು ನಾನು. ಯಾದಗಿರಿ ಕಡೆಯ ನಮ್ಮೂರ ಶಾಲೆಯ ಗೋಡೆಯ ಮೇಲೆ ‘ಧೈರ್ಯಂ ಸರ್ವತ್ರ ಸಾಧನಂ’ ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ನಾನು ಅದರ ಕೆಳಗೇ ಕೂತು, ಮೇಷ್ಟ್ರು ನನ್ನ ಕಡೆ ನೋಡಿದರೆ ತಲೆ ತಗ್ಗಿಸುತ್ತಿದ್ದೆ. ಸಿಟ್ಟು ಮಾತ್ರ ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಸಿಟ್ಟು ಬೇರೆ, ಧೈರ್ಯ ಬೇರೆ ಅಂತ ನನಗೆ ಗೊತ್ತಾಗಿದ್ದು ಶಿವಾಜಿನಗರದಲ್ಲಿ, ಒಂದು ಆಯುಧಪೂಜೆಯ ದಿನ.

ಮದುವೆಯಾಗಿ ಬೆಂಗಳೂರಿಗೆ ಬಂದಾಗ ನಾವು ಇದ್ದದ್ದು ಕೆ.ಆರ್.ಪುರಂನಲ್ಲಿ, ತೂಗುಸೇತುವೆಯಿಂದ ಸ್ವಲ್ಪ ಒಳಗೆ. ಸಾಲಾಗಿ ಎಂಟು ಕೋಣೆ, ಎಂಟಕ್ಕೂ ಒಂದೇ ನಲ್ಲಿ. ಎಲ್ಲಾ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರೇ ಆದ್ದರಿಂದ ನಲ್ಲಿಯ ಮುಂದೆ ನಿಂತರೆ ಬೆಂಗಳೂರು ಅನ್ನಿಸುತ್ತಲೇ ಇರಲಿಲ್ಲ. ನನ್ನ ಗಂಡನದು ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ. ನನಗೆ ಅವ್ವ ಕಲಿಸಿದ್ದ ಕೈಹೊಲಿಗೆ ಗೊತ್ತಿತ್ತು. ಶಿವಾಜಿನಗರದ ಒಂದು ಹಳೇ ಟೈಲರ್ ಅಂಗಡಿಗೆ ಹೆಂಗಸರು ಬೇಕಾಗಿದ್ದಾರೆ ಅಂತ ಪಕ್ಕದ ಕೋಣೆಯವಳು ಹೇಳಿದಾಗ ಎರಡು ಬಸ್ಸು ಬದಲಾಯಿಸಿಕೊಂಡು ಹೋದೆ. ಗುಂಡಿ ಹಚ್ಚುವುದು, ಅದಕ್ಕೆ ಕಾಜಾ ಮಾಡುವುದು, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು. ಇಷ್ಟೇ ನನ್ನ ಕೆಲಸ.

ಆ ಅಂಗಡಿಗೆ ಮೂರು ತರಹದ ಜನ ಬರುತ್ತಿದ್ದರು. ದಂಡಿನವರು, ಅಂದರೆ ಸೈನ್ಯದಲ್ಲಿರುವವರು, ಇದ್ದು ಬಂದವರು. ಆಮೇಲೆ ಚರ್ಚಿನ ಫಾದರ್‌ಗಳು, ಉದ್ದನೆಯ ಬಿಳಿ ನಿಲುವಂಗಿ ಹೊಲಿಸಲು. ಮೂರನೆಯವರು ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿಗಳು, ಹೊಸ ಮಳಿಗೆ ತೆರೆಯುವಾಗ ಸೂಟು ಬೇಕು ಅಂತ. ಬಂದೂಕು, ದೇವರು, ವ್ಯಾಪಾರ, ಮೂರಕ್ಕೂ ಒಂದೇ ಕತ್ತರಿ. ಮೂವರೂ ಅಳತೆಗೆ ನಿಂತಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು ಅನ್ನುವುದು ನಾನು ಅಲ್ಲಿ ಕಂಡುಕೊಂಡ ಮೊದಲ ಸತ್ಯ.

ಅಂಗಡಿಯ ಯಜಮಾನರನ್ನು ನಾವೆಲ್ಲ ಮಾಸ್ಟರ್ ಅನ್ನುತ್ತಿದ್ದೆವು. ಹಲಸೂರಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ವಯಸ್ಸು ಎಪ್ಪತ್ತರ ಹತ್ತಿರ. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮುರಿಯದ ಅಂಗಿ. ಬಟ್ಟೆ ಕತ್ತರಿಸುವ ಕೆಲಸ ಅವರದು ಮಾತ್ರ. ಉಳಿದವರು ಹೊಲಿಯುವವರು. ಅವರು ಕತ್ತರಿ ಎತ್ತಿದರೆ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. "ಕತ್ತರಿ ಹಾಕೋವರೆಗೂ ಬಟ್ಟೆ ಗಿರಾಕೀದು. ಹಾಕಿದ್ಮೇಲೆ ನಮ್ದು. ತಪ್ಪಾದ್ರೂ ನಮ್ದೇ," ಅನ್ನುತ್ತಿದ್ದರು. ಅವರ ಬಲಗೈ ಮುಷ್ಟಿ ಕಟ್ಟಿಕೊಂಡು ಯಾವಾಗಲೂ ತೊಡೆಗೆ ಒತ್ತಿಕೊಂಡಿರುತ್ತಿತ್ತು. ಜೀವನಪೂರ್ತಿ ಮಿಲಿಟರಿಯವರ ಜೊತೆ ಒಡನಾಡಿ ಆ ನಿಲುವು ಬಂದಿರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಆ ವರ್ಷ ಅವರು ನನಗೆ ಕತ್ತರಿಯನ್ನೂ ಕಲಿಸಲು ಶುರುಮಾಡಿದ್ದರು. ಮೊದಲು ಶಾಲಾ ಮಕ್ಕಳ ಚಡ್ಡಿ, ಆಮೇಲೆ ಅಂಗಿ, ಆಮೇಲೆ ಒಂದೆರಡು ಕೋಟು. ಅವರು ಬಾಯಲ್ಲಿ ಹೇಳುವುದು, ನಾನು ಕತ್ತರಿಸುವುದು. ಗಿರಾಕಿಗಳಿಗೆ ಮಾತ್ರ ಎಲ್ಲ ಮಾಸ್ಟರ್ ಕೈಯದು ಅಂತಲೇ ಲೆಕ್ಕ. ನನಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಹೆಂಗಸೊಬ್ಬಳಿಗೆ ಕತ್ತರಿ ಕೊಟ್ಟ ದೊಡ್ಡ ಮನಸ್ಸಿನವರು ಅಂತ ಮನೆಯಲ್ಲಿ ಗಂಡನ ಮುಂದೆ ಹೊಗಳಿದ್ದೇ ಹೊಗಳಿದ್ದು.

ಪಿತೃಪಕ್ಷದ ಹಿಂದಿನ ದಿನ ಹವಾಲ್ದಾರರು ಬಂದರು. ಕೋಲಾರದ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ಹನ್ನೊಂದು ವರ್ಷ, ವಿಮಾನಪುರದ ಹತ್ತಿರ ಮನೆ. ಕಂಕುಳಲ್ಲಿ ನುಸಿಗುಳಿಗೆ ವಾಸನೆಯ ಒಂದು ಗಂಟು. ಬಿಚ್ಚಿದರೆ ಕಡುನೀಲಿ ಉಣ್ಣೆ ಬಟ್ಟೆ, ಸರಿಯಾಗಿ ಒಂದು ಕೋಟಿಗಾಗುವಷ್ಟು. ನಿವೃತ್ತಿಯ ದಿನ ಅವರ ಮೇಲಧಿಕಾರಿ ಕೊಟ್ಟ ಉಡುಗೊರೆಯಂತೆ.

"ಮಾಸ್ಟರ್, ವಿಜಯದಶಮಿ ಮಾರನೇ ದಿನ ನಮ್ಮ ಪಲ್ಟನ್ನಿನ ಹಳಬರೆಲ್ಲ ಹಲಸೂರಲ್ಲಿ ಸೇರ್ತಾ ಇದೀವಿ," ಅಂದರು. "ಈ ಬಟ್ಟೆ ಕೊಟ್ಟ ಸಾಹೇಬ್ರೂ ಬರ್ತಾರೆ. ಅವರಿಗೆ ತುಂಬಾ ವಯಸ್ಸಾಗಿದೆ. ಇನ್ನೊಂದು ಸಲ ಬರೋದು ಅನುಮಾನ. ನಾನು ಮೂರು ಸಲ ತಪ್ಪಿಸಿಕೊಂಡೆ. ಈ ಸಲ ಈ ಕೋಟು ಹಾಕ್ಕೊಂಡೇ ಹೋಗ್ಬೇಕು."

"ಈಗ ಏನು ಮಾಡ್ಕೊಂಡಿದೀರಿ ಸಾರ್?" ಅಂತ ಮಾಸ್ಟರ್ ಮಾತಿಗೆ ಕೇಳಿದರು.

"ಸೆಕ್ಯೂರಿಟಿ ಲೈನಲ್ಲಿ. ಸ್ವಂತ ಬಿಸಿನೆಸ್," ಅಂದರು ಹವಾಲ್ದಾರರು.

ಮಾಸ್ಟರ್ ಎಡಗೈಯಲ್ಲೇ ಟೇಪು ಹಿಡಿದು ಅಳತೆ ಕೂಗಿದರು, ನಾನು ಪುಸ್ತಕದಲ್ಲಿ ಬರೆದುಕೊಂಡೆ. ಟೇಪು ಮೈಗೆ ತಾಗಿದ್ದೇ ತಡ, ಹವಾಲ್ದಾರರು ಪರೇಡಿನಲ್ಲಿ ‘ವಿಶ್ರಾಮ್’ ಅನ್ನುವವರೆಗೂ ನಿಲ್ಲುವ ಹಾಗೆ ಸಾವಧಾನ್ ಆಗಿಬಿಟ್ಟರು. ಎದೆ ಮುಂದೆ, ಹೊಟ್ಟೆ ಒಳಗೆ, ಗದ್ದ ಮೇಲೆ, ಎರಡೂ ಭುಜ ತಕ್ಕಡಿ ಹಿಡಿದಷ್ಟು ಸಮ. ಆ ವಯಸ್ಸಿಗೆ ಅಂಥ ನಿಲುವು ಕಂಡು ನಾನು ಬರೆದುಕೊಳ್ಳುವುದನ್ನೂ ಅರೆಕ್ಷಣ ಮರೆತು ನೋಡುತ್ತಿದ್ದೆ. ಎಂಥ ಧೈರ್ಯವಂತ ಮನುಷ್ಯ ಅನ್ನಿಸಿತು.

ಮಾರನೇ ದಿನ ಕತ್ತರಿ ಬೀಳಬೇಕಾಗಿತ್ತು, ಬೀಳಲಿಲ್ಲ. ಪಿತೃಪಕ್ಷ ಹಿಡಿಯಿತು. "ಪಕ್ಷದಲ್ಲಿ ಹೊಸಾ ಬಟ್ಟೆಗೆ ಕತ್ತರಿ ಹಾಕ್ಬಾರ್ದು," ಅಂದರು ಮಾಸ್ಟರ್. ಪಕ್ಷದ ಕೊನೆಗೆ ಅಮಾವಾಸ್ಯೆ ಬಂತು, ಅವತ್ತು ಆಗದು. ನವರಾತ್ರಿ ಕೂತಿತು. ಒಂದು ದಿನ ಮಂಗಳವಾರ ಬೇಡ ಅಂದರು, ಒಂದು ದಿನ ರಾಹುಕಾಲ ಅಂದರು, ಇನ್ನೊಂದು ದಿನ ಬೀದಿಯಲ್ಲಿ ಬೆಕ್ಕು ಅಡ್ಡ ಹೋಯಿತು. ನಾವು ಯಾರೂ ಅನುಮಾನ ಪಡಲಿಲ್ಲ. ದಂಡಿನ ಬಟ್ಟೆಗೆ ಇಷ್ಟು ನಿಷ್ಠೆಯಿಂದ ದಿನ ನೋಡುವವರು ಇನ್ನೆಲ್ಲಿದ್ದಾರೆ ಅಂತ ನಮ್ಮಲ್ಲೇ ಮೆಚ್ಚಿಕೊಂಡೆವು. ನಾನಂತೂ ಎರಡು ಕೈ ಮುಗಿಯುವುದೊಂದು ಬಾಕಿ. ಆದರೆ ಅದೇ ಪಿತೃಪಕ್ಷದಲ್ಲಿ ಆರು ಹೊಸ ಅಂಗಿಗೆ ನನ್ನ ಕೈಯಿಂದ ಕತ್ತರಿ ಹಾಕಿಸಿದ್ದರಲ್ಲ, ಅದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ದೇವರ ಹೆಸರು ಹೇಳಿದರೆ ನಾವು ಪ್ರಶ್ನೆ ಕೇಳುವ ಜನವಲ್ಲ.

ನವರಾತ್ರಿಯ ನಡುವೆ ಒಂದು ಮಧ್ಯಾಹ್ನ, ಹೊಲಿದಿಟ್ಟ ಸೂಟೊಂದನ್ನು ಮನೆಗೆ ಮುಟ್ಟಿಸಲು ನನ್ನನ್ನು ಇಂದಿರಾನಗರಕ್ಕೆ ಕಳಿಸಿದರು. ದೊಡ್ಡ ಅಪಾರ್ಟ್‌ಮೆಂಟು. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲುಗಾರ ಕೂತಿದ್ದ. ಆಕಾಶನೀಲಿ ಅಂಗಿ, ಹೊಟ್ಟೆ ಬೆಲ್ಟಿನ ಮೇಲೆ ಇಳಿದಿದೆ, ಎಡಭುಜ ಒಂದು ಪಕ್ಕಕ್ಕೆ ಜೋತುಬಿದ್ದಿದೆ. ಹತ್ತಿರ ಹೋದಾಗ ಗುರುತು ಸಿಕ್ಕಿತು. ನಮ್ಮ ಹವಾಲ್ದಾರರು. ನನ್ನನ್ನು ಕಂಡದ್ದೇ ಧಡಕ್ಕನೆ ಎದ್ದು ಸಾವಧಾನ್ ಆದರು. ಒಂದು ಕ್ಷಣದಲ್ಲಿ ಹೊಟ್ಟೆ ಮಾಯ, ಭುಜ ಸಮ.

"ತಂಗೀ, ಅಂಗಡೀಲಿ ಹೇಳ್ಬೇಡಮ್ಮ," ಅಂದರು ಮೆಲ್ಲಗೆ. "ನಮ್ಮ ಪಲ್ಟನ್ನಿನವರಿಗೆಲ್ಲ ಫೋನಲ್ಲಿ ಸ್ವಂತ ಏಜೆನ್ಸಿ ಅಂತ ಹೇಳಿಬಿಟ್ಟಿದೀನಿ. ಹವಾಲ್ದಾರ್ ಆಗಿ ರಿಟೈರಾದೋನು ಗೇಟು ತೆಗೀತಾ ಕೂತಿದಾನೆ ಅಂತ ಹೆಂಗೆ ಹೇಳ್ಲಿ? ಕೋಟು ಇದ್ರೆ ಹೋಗ್ತೀನಿ. ಇಲ್ಲಾಂದ್ರೆ ಈ ಸಲಾನೂ ಹೋಗಲ್ಲ."

"ನಾನ್ಯಾಕ್ರೀ ಹೇಳ್ಲಿ," ಅಂದೆ. ಅಷ್ಟರಲ್ಲಿ ಯಾರದೋ ಕಾರು ಹಾರ್ನ್ ಹೊಡೆಯಿತು, ಅವರು ಗೇಟಿಗೆ ಓಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅವರ ಮಾತಿಗಿಂತ ಅವರ ಎಡಭುಜವೇ ಕಣ್ಣಮುಂದೆ ಬರುತ್ತಿತ್ತು. ಪುಸ್ತಕದಲ್ಲಿ ನಾನೇ ಬರೆದುಕೊಂಡ ಅಳತೆ ಈ ಮನುಷ್ಯನದಲ್ಲ ಅಂತ ಆಗಲೇ ತಿಳಿಯಿತು. ಹೇಳಬೇಕಾಗಿತ್ತು. ಮಾಸ್ಟರ್ ತೆಗೆದ ಅಳತೆ ತಪ್ಪು ಅನ್ನುವುದಕ್ಕೆ ಬಾಯಿ ಬರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಅಂಗಡಿ ತೊಳೆದು, ಮಿಷನ್ನುಗಳಿಗೆಲ್ಲ ಚೆಂಡುಹೂವಿನ ಹಾರ ಹಾಕಿದೆವು. ಕತ್ತರಿ, ಉಕ್ಕಿನ ಸ್ಕೇಲು, ಇಸ್ತ್ರಿಪೆಟ್ಟಿಗೆ ಎಲ್ಲ ದೇವರ ಪಟದ ಮುಂದೆ ಸಾಲಾಗಿ ಕೂತವು. ಪೂಜೆಗೆ ಇಟ್ಟದ್ದನ್ನು ಅವತ್ತಿಡೀ ಮುಟ್ಟುವಂತಿಲ್ಲ, ಮಾರನೇ ದಿನ ವಿಜಯದಶಮಿಗೇ ಎತ್ತುವುದು. ಅದು ಆ ಅಂಗಡಿಯ ಕಟ್ಟುನಿಟ್ಟು. ಮಾಸ್ಟರ್ ಕತ್ತರಿಗೆ ಕುಂಕುಮ ಇಟ್ಟರು. ಒಂದು ಬೊಟ್ಟಿಡಲು ಹೋಗಿ ಮೂರು ಕಡೆ ಹತ್ತಿತು. ಕರ್ಪೂರ ಹಚ್ಚುವಾಗ ಕಡ್ಡಿ ಎರಡು ಸಲ ಆರಿತು, ಆರತಿಯ ತಟ್ಟೆಯಲ್ಲಿ ಗಂಟೆ ತನ್ನಷ್ಟಕ್ಕೆ ಕಿಣಿಕಿಣಿ ಅನ್ನುತ್ತಿತ್ತು. ಭಕ್ತಿಯಿಂದ ಮೈ ನಡುಗುತ್ತಿದೆ ಅಂತ ಪಕ್ಕದಲ್ಲಿದ್ದವಳು ನನ್ನ ಕಿವಿಯಲ್ಲಿ ಉಸುರಿದಳು. ನಡುಗುತ್ತಿದ್ದದ್ದು ಮೈಯಲ್ಲ, ಬಲಗೈ ಒಂದೇ. ಅದನ್ನು ನಾನು ನೋಡಿದೆ. ಆರು ಅಂಗಿ, ಬೆಕ್ಕು, ಮಂಗಳವಾರ, ಎಲ್ಲ ಒಟ್ಟಿಗೆ ಅರ್ಥವಾಯಿತು: ಆ ಬಟ್ಟೆಗೆ ಕತ್ತರಿ ಹಾಕಲು ಅವರ ಕೈ ಬರುತ್ತಿರಲಿಲ್ಲ, ನನ್ನ ಕೈಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ.

ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ, ಎಲ್ಲರೂ ಹೊರಟರು. ಕೋಟು ಹೊಲಿಯುವ ಅಣ್ಣ ಹೋಗುವಾಗ, "ಹವಾಲ್ದಾರ್ರದು ಇವತ್ತು ಕಟ್ ಆಗಿದ್ರೆ ನಾಳೆ ಬೆಳಗ್ಗೆ ಕೂತು ಸಾಯಂಕಾಲ ಕೊಟ್ಟುಬಿಡ್ತೀನಿ. ನಾಳೆ ಕಟ್ ಮಾಡ್ತಾ ಕೂತ್ರೆ ನನ್ ಕೈಲಿ ಆಗಲ್ಲ," ಅಂತ ಹೇಳಿಯೇ ಹೋದ. ಮಾಸ್ಟರ್ ತಲೆಯಾಡಿಸಿದರು. ನಾನು ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಉಳಿದೆ.

ಹನ್ನೆರಡರ ಹೊತ್ತಿಗೆ ಹವಾಲ್ದಾರರು ಬಂದರು. ಮೇಜಿನ ಮೇಲೆ ಗಂಟು ಇನ್ನೂ ಗಂಟಾಗಿಯೇ ಇತ್ತು. ಅವರು ಅದನ್ನು ನೋಡಿದರು, ಹೂ ಹಾಕಿದ ಕತ್ತರಿಯನ್ನು ನೋಡಿದರು.

"ಇವತ್ತು ಎತ್ತೋ ಹಾಗಿಲ್ಲ ಸಾರ್. ಆಯುಧ ಪೂಜೆಗಿಟ್ಟಿದೆ. ನಾಳೆ ಎತ್ತಿದ್ರೆ ಟೈಮಿಗೆ ಮುಗಿಯಲ್ಲ," ಅಂದರು ಮಾಸ್ಟರ್.

ಆ ಮನುಷ್ಯ ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಡಲಿಲ್ಲ. "ಸರಿ ಮಾಸ್ಟರ್. ಪೂಜೆ ಪೂಜೇನೇ," ಅಂದು ಗಂಟನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡರು. ಹನ್ನೊಂದು ವರ್ಷ ಕಾದ ಬಟ್ಟೆ ಹಾಗೇ ಮತ್ತೆ ಟ್ರಂಕಿಗೆ ಹೋಗುತ್ತದೆ, ಆ ಮುದಿ ಸಾಹೇಬರು ಬಂದು ಹೋಗುತ್ತಾರೆ, ಇವರು ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತಿರುತ್ತಾರೆ. ನನಗೆ ಸಿಟ್ಟು ಬಂತು.

"ಸಾರ್, ಒಂದ್ನಿಮಿಷ ನಿಲ್ರಿ," ಅಂದೆ. "ನಿಮ್ಮಲ್ಲಿ ಇವತ್ತು ಬಂದೂಕಿಗೆ ಪೂಜೆ ಮಾಡಲ್ವಾ?"

"ಮಾಡ್ತೀವಿ."

"ಪೂಜೆ ಮಾಡಿ ನಾಳೆವರೆಗೂ ಇಟ್ಟುಬಿಡ್ತೀರಾ? ಗಡೀಲಿ ಯಾರೂ ಇರಲ್ವಾ ಅವತ್ತು?"

ಹವಾಲ್ದಾರರಿಗೆ ನಗು ಬಂತು. "ಇಟ್ಟುಬಿಟ್ರೆ ಮುಗೀತಲ್ಲಮ್ಮ. ಕುಂಕುಮ ಇಡ್ತೀವಿ, ಆರತಿ ಎತ್ತುತೀವಿ, ಅದೇ ಬಂದೂಕು ಹೆಗಲಿಗೆ ಹಾಕ್ಕೊಂಡು ಡ್ಯೂಟಿಗೆ ಹೋಗ್ತೀವಿ."

ನಾನು ಮಾಸ್ಟರ್ ಕಡೆ ತಿರುಗಿದೆ. ಅವರ ಮುಷ್ಟಿ ತೊಡೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಿತ್ತು. ಆ ಮುಖದಲ್ಲಿ ಕೋಪವಿರಲಿಲ್ಲ, ಭಯವಿತ್ತು. ಐವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ ನನ್ನನ್ನು, ಎಲ್ಲಿಂದಲೋ ಬಂದ ಕೈಹೊಲಿಗೆಯವಳನ್ನು, ನೋಡಿ ಹೆದರುತ್ತಿದ್ದರು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಕೈ ನಡುಗುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಅಷ್ಟು ಧೈರ್ಯ ಇದ್ರೆ ನೀನೇ ಎತ್ತಮ್ಮ," ಅಂದರು.

ಸವಾಲು ಹಾಕಿದರೋ, ಬೇಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಗ ನಾನು ಮುಂದೆ ಹೋಗಲಿಲ್ಲ. ಸಿಟ್ಟಿದ್ದಾಗ ಎಲ್ಲ ಸುಲಭ, ಅದು ಇಳಿದ ಮೇಲೆ ಬರೀ ನಾನು ಉಳಿದೆ. ದೇವರ ಮುಂದಿನ ಕತ್ತರಿ. ಎರಡನೆಯದು ಸಿಗದ ಬಟ್ಟೆ. ಒಮ್ಮೆ ತಪ್ಪಿದರೆ ಈ ಅಂಗಡಿಯಲ್ಲಿ ನನಗೆ ಅನ್ನವಿಲ್ಲ, ಅವರಿಗೆ ಕೋಟಿಲ್ಲ.

ಅವ್ವ ನೆನಪಾದಳು. ನಾನು ಹುಡುಗಿಯಾಗಿದ್ದಾಗ ಇದೇ ಹಬ್ಬದ ದಿನ, ಪೂಜೆ ಮುಗಿದು ಇನ್ನೂ ಊದಿನಕಡ್ಡಿ ಆರಿರಲಿಲ್ಲ, ಹಿತ್ತಲಲ್ಲಿ ಕರುವಿನ ಕೊರಳಿಗೆ ಹಗ್ಗ ಸುತ್ತಿಕೊಂಡು ನಾಲಿಗೆ ಹೊರಗೆ ಬಂದಿತ್ತು. ಎಲ್ಲರೂ ಗಂಟು ಬಿಚ್ಚಲು ಪರದಾಡುತ್ತಿದ್ದರೆ ಅವ್ವ ಪೂಜೆಗಿಟ್ಟ ಕುಡಗೋಲು ತಂದು ಹಗ್ಗ ಕೊಯ್ದುಬಿಟ್ಟಳು. ಅಜ್ಜಿ ಬಾಯಿ ಬಡಿದುಕೊಂಡಳು. ಅವ್ವ ಅಂದಳು: "ದೇವರಿಗೆ ಅಂಜಬೇಕು, ಕುಡಗೋಲಿಗೆ ಯಾಕ ಅಂಜಬೇಕು? ಕೆಲಸಕ್ಕ ಬರಲಿ ಅಂತಾನೇ ಪೂಜಿ ಮಾಡೋದು." ಆಮೇಲೆ ಅದನ್ನು ತೊಳೆದು, ಮತ್ತೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಳು. ಕರು ಬದುಕಿತು. ದೇವರು ಏನೂ ಅನ್ನಲಿಲ್ಲ.

ಕೈ ಮುಗಿದು ಹಾರ ಸರಿಸಿದೆ. ಕತ್ತರಿ ಎತ್ತಿ ಕಣ್ಣಿಗೊತ್ತಿಕೊಂಡೆ. ಅದು ನಾನು ದಿನಾ ಹಿಡಿಯುವ ಕತ್ತರಿಯೇ, ಅವತ್ತು ಎರಡರಷ್ಟು ತೂಕ ಇತ್ತು.

"ಪುಸ್ತಕ ತೆಗೀಲಾ?" ಅಂದರು ಮಾಸ್ಟರ್.

"ಬೇಡ ಮಾಸ್ಟರ್. ಆ ಅಳತೆಗೆ ನಾನು ಕತ್ತರಿ ಹಾಕಲ್ಲ." ದೇವರ ಮುಂದಿನ ಕತ್ತರಿ ಎತ್ತಿದ್ದಕ್ಕಿಂತ ಇದು ಕಷ್ಟವಾಗಿತ್ತು. "ಸಾರ್ ಅವತ್ತು ಸಾವಧಾನ್ ನಿಂತಿದ್ರು. ಅದು ಪರೇಡಿನ ಅಳತೆ."

ಹವಾಲ್ದಾರರನ್ನು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಕಡ್ಲೆಪುರಿ ಕೊಟ್ಟೆ. ನಿಮ್ಮ ಸಾಹೇಬರು ಹೇಗಿದ್ದರು ಅಂತ ಕೇಳಿದೆ. ಹೇಳಲು ಶುರುಮಾಡಿದರು. ಹಿಮದಲ್ಲಿ ಇವರ ಬೂಟು ಹರಿದುಹೋದಾಗ ಆ ಸಾಹೇಬರು ತಮ್ಮ ಇನ್ನೊಂದು ಜೊತೆ ಬೂಟು ಕೊಟ್ಟು, ದೊಡ್ಡದಾಗಿದೆ ಅಂತ ಒಳಗೆ ಪೇಪರು ತುರುಕಿಕೊಟ್ಟರಂತೆ. ಬಾಯಿ ತುಂಬ ಪುರಿ, ಮಾತು, ನಗು. ಎದ್ದು ನಿಲ್ಲಿಸಿದರೂ ಮಾತು ನಿಲ್ಲಲಿಲ್ಲ. ನಾನು ಟೇಪು ಹಾಕಿದೆ. ಎದೆ ಎರಡಿಂಚು ಕಮ್ಮಿ, ಹೊಟ್ಟೆ ಎರಡೂವರೆ ಇಂಚು ಜಾಸ್ತಿ, ಎಡಭುಜ ಮುಕ್ಕಾಲು ಇಂಚು ಕೆಳಗೆ. ಜೋರಾಗಿ ಓದಿದೆ.

ಅವರ ಮಾತು ನಿಂತಿತು. "ಇದು ನನ್ನ ಅಳತೆ ಅಲ್ಲಮ್ಮ."

"ಇದೇ ರೀ. ಗೇಟ್ ಹತ್ರ ನಾನೇ ನೋಡಿದೀನಲ್ಲ!" ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊಟ್ಟ ಮಾತು ಮುರಿದಿದ್ದೆ, ಅದೂ ಮಾಸ್ಟರ್ ಎದುರಿಗೆ. ಹವಾಲ್ದಾರರ ಮುಖ ಬಿಳಿಚಿಕೊಂಡಿತು, ಮೈ ತಾನಾಗಿ ಸಾವಧಾನ್ ಆಗಲು ಹೊರಟಿತು, ಗದ್ದ ಏಳುತ್ತಿತ್ತು. ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಆದರೆ ಅವರು ಅರ್ಧಕ್ಕೇ ನಿಂತರು. ಬಾಯಲ್ಲಿದ್ದ ಪುರಿಯನ್ನು ನಿಧಾನವಾಗಿ ಅಗಿದು ನುಂಗಿದರು.

"ಗೇಟ್ ಡ್ಯೂಟಿ ಮಾಸ್ಟರ್," ಅಂದರು. "ಬಿಸಿನೆಸ್ಸೂ ಇಲ್ಲ, ಏಜೆನ್ಸೀನೂ ಇಲ್ಲ. ಇಂದಿರಾನಗರದಲ್ಲಿ ಗೇಟ್ ಡ್ಯೂಟಿ. ಎಂಟು ವರ್ಷ ಆಯ್ತು. ಒಂದು ಕಳ್ಳತನ ಆಗಿಲ್ಲ." ಆಮೇಲೆ ಉಸಿರು ಬಿಟ್ಟು, "ಬರ್ಕೊಳಮ್ಮ. ಅದೇ ಅಳತೆ," ಅಂದರು.

ಮಾಸ್ಟರ್ ಹತ್ತಿರ ಬಂದು, ಹವಾಲ್ದಾರರ ಎಡಭುಜವನ್ನು ಎಡಗೈಯಿಂದ ಮುಟ್ಟಿ ನೋಡಿದರು. "ವರ್ಷಗಟ್ಟಲೆ ಭಾರ ಹೊತ್ತ ಭುಜ. ಎಡಗಡೆ ಇಳಿಸಿ ಕಟ್ ಮಾಡಮ್ಮ. ಒಳಗೆ ತೆಳ್ಳಗೆ ಒಂದು ಪ್ಯಾಡ್ ಕೊಡೋಣ, ಹೊರಗಡೆ ಎರಡೂ ಸಮ ಕಾಣುತ್ತೆ. ಹೊಟ್ಟೆ ಹತ್ರ ಕೂತ್ರೂ ಎಳೀಬಾರ್ದು," ಅಂದರು. ಅಳತೆಯಲ್ಲಿ ಸುಳ್ಳಿರಬಾರದು, ಹೊಲಿಗೆಯಲ್ಲಿ ಮರ್ಯಾದೆ ಇರಬೇಕು ಅನ್ನುವುದನ್ನು ಅವರು ಹಾಗೆ ಕಲಿಸಿದರು.

ಚಾಕಿನ ಗೆರೆ ಎಳೆದೆ. ಕತ್ತರಿಯ ಬಾಯಿ ತೆರೆದೆ. ಮೊದಲ ಕಚ್ಚು ಬೀಳುವವರೆಗೆ ಇದ್ದ ಹೆದರಿಕೆ, ಬಿದ್ದ ಮೇಲೆ ಇರಲಿಲ್ಲ. ಹೆದರಲು ಪುರುಸೊತ್ತೇ ಇರಲಿಲ್ಲ ಅನ್ನಬೇಕು, ಗೆರೆಯ ಮೇಲೆ ಕಣ್ಣಿತ್ತು. ಉಣ್ಣೆ ಬಟ್ಟೆ ಕರಕರ ಅನ್ನುತ್ತಾ ಬಿಟ್ಟುಕೊಟ್ಟಿತು. ಕೊನೆಯ ತುಂಡು ಬೇರೆಯಾದ ಮೇಲೆ ಕತ್ತರಿಯನ್ನು ಒರೆಸಿ, ಅವ್ವನ ಹಾಗೆ ಮತ್ತೆ ಕುಂಕುಮ ಇಟ್ಟು, ದೇವರ ಮುಂದೆ ಇಟ್ಟೆ.

ವಿಜಯದಶಮಿಯ ಸಂಜೆ ಕೋಟು ತಯಾರಾಯಿತು. ಹವಾಲ್ದಾರರು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. "ಈಗ ಕೂತ್ಕೊಳ್ರಿ," ಅಂದೆ. ಗುಂಡಿ ಹಾಕಿಕೊಂಡೇ ಕೂತರು, ಎಲ್ಲೂ ಎಳೆಯಲಿಲ್ಲ. ಒಂದು ಸಲ ಎದ್ದರು, ಮತ್ತೆ ಕೂತರು, ಮಕ್ಕಳು ಹೊಸ ಚಪ್ಪಲಿ ಹಾಕಿಕೊಂಡು ನಡೆದು ನೋಡುವ ಹಾಗೆ. ನಾನು ಊರಿನ ಪದ್ಧತಿಯಂತೆ ಅವರ ಕೈಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ," ಅಂದೆ. ಗೇಟಿನ ಮಾತು ಎತ್ತಿದ್ದಕ್ಕೆ ಕ್ಷಮಿಸಿ ಅಂತಲೂ ಅಂದೆ. ಅವರು ಎಲೆಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು.

ಮಾರನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಅದೇ ಕೋಟಿನಲ್ಲಿ ನೇರ ಅಂಗಡಿಗೆ ಬಂದರು. ಗುಂಡಿ ಬಿಚ್ಚಿದ್ದರು, ಊಟ ಚೆನ್ನಾಗಿ ಆಗಿತ್ತು ಅಂತ ಕಾಣುತ್ತದೆ. ಸಾಹೇಬರು ಗಾಲಿಕುರ್ಚಿಯಲ್ಲಿ ಬಂದಿದ್ದರಂತೆ. ಕೋಟಿನ ತೋಳನ್ನು ಬೆರಳಿನಿಂದ ತಿಕ್ಕಿ ನೋಡಿ, "ಇದು ನಾನು ಕೊಟ್ಟ ಬಟ್ಟೆ," ಅಂದರಂತೆ.

"ಆಮೇಲೆ, ಏನು ಮಾಡ್ತಿದೀಯಾ ಅಂತ ಕೇಳಿದ್ರು ಮಾಸ್ಟರ್. ಸುತ್ತಾ ಹತ್ತು ಜನ ಇದ್ರು. ಬಾಯಿಗೆ ಏಜೆನ್ಸಿ ಅಂತಾನೇ ಬಂದಿತ್ತು. ಕೋಟು ನೋಡ್ಕೊಂಡೆ. ಗೇಟ್ ಡ್ಯೂಟಿ ಸಾಹೇಬ್, ಎಂಟು ವರ್ಷ, ಒಂದು ಕಳ್ಳತನ ಇಲ್ಲ, ಅಂದೆ. ಸಾಹೇಬ್ರು, ಶಾಬಾಶ್, ಪೋಸ್ಟ್ ಬಿಟ್ಟಿಲ್ಲ ನೀನು, ಅಂದ್ರು." ಹವಾಲ್ದಾರರು ಕೋಟಿನ ತೋಳು ಸವರಿಕೊಂಡರು. "ಊಟಕ್ಕೆ ಕೂತಾಗ ಪಕ್ಕದಲ್ಲಿದ್ದೋನು, ದುಬೈಲಿ ಕಾಂಟ್ರಾಕ್ಟರ್ ಅಂತ ಹೇಳ್ಕೊಂಡಿದ್ದ, ಮೆಲ್ಲಗೆ ನನ್ ಕಿವೀಲಿ ಅಂದ: ಮಗಾ, ನಂದೂ ಗೇಟೇ ಕಣೋ."

ನಾವು ಮೂವರೂ ನಕ್ಕೆವು. ಮಾಸ್ಟರ್ ನಗುವಾಗಲೂ ಅವರ ಬಲಗೈ ಮುಷ್ಟಿಯಾಗಿ ತೊಡೆಗೆ ಒತ್ತಿಕೊಂಡೇ ಇತ್ತು. ಹವಾಲ್ದಾರರು ಆ ಕೈಯನ್ನು ನೋಡಿದರು. ಎಷ್ಟು ದಿನದಿಂದ ನೋಡುತ್ತಿದ್ದರೋ. ಸಾವಧಾನ್ ನಿಂತವರನ್ನು ಗುರುತಿಸಲು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಾಸ್ಟರ್," ಅಂದರು, ತುಂಬಾ ಮೆತ್ತಗೆ. "ವಿಶ್ರಾಮ್."

ಮಾಸ್ಟರ್‌ಗೆ ಅರ್ಥವಾಯಿತು. ಮುಷ್ಟಿ ಬಿಚ್ಚಿದರು. ಕೈಯನ್ನು ತಂದು ಮೇಜಿನ ಮೇಲೆ, ನಮ್ಮಿಬ್ಬರ ಎದುರಿಗೆ, ಅಂಗೈ ಕೆಳಗೆ ಮಾಡಿ ಇಟ್ಟರು. ಅದು ನಡುಗಿ ಪಕ್ಕದಲ್ಲಿದ್ದ ಉಕ್ಕಿನ ಸ್ಕೇಲಿಗೆ ತಾಗುತ್ತಾ ಟಕಟಕ ಅನ್ನತೊಡಗಿತು. ಹವಾಲ್ದಾರರು ಸ್ಕೇಲನ್ನು ಎತ್ತಿ ಆಚೆ ಇಟ್ಟರು. ನನಗೆ ಅಳು ಬಂತು, ಮರೆಮಾಡಲಿಲ್ಲ.

ಅಷ್ಟರಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಒಬ್ಬ ವ್ಯಾಪಾರಿ ಒಳಗೆ ಬಂದರು. ದೊಡ್ಡ ಗಿರಾಕಿ, ಮೂವತ್ತು ವರ್ಷದ ಪರಿಚಯ. ಹೊಸ ಮಳಿಗೆ ತೆರೆಯುತ್ತಿದ್ದೇನೆ, ಸೂಟು ಬೇಕು, ಕಟ್ಟಿಂಗ್ ಮಾತ್ರ ನಿಮ್ಮ ಕೈಯದೇ ಆಗಬೇಕು ಮಾಸ್ಟರ್ ಅಂದರು. ನಾನು ಎಂದಿನಂತೆ ತಲೆ ತಗ್ಗಿಸಿ ಕಾಜಾ ಮಾಡಲು ಸೂಜಿ ಹುಡುಕಿದೆ. ಮಾಸ್ಟರ್ ಮೇಜಿನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

"ನನ್ನ ಕೈ ನಡುಗುತ್ತೆ ಸಾರ್. ವರ್ಷದ ಮೇಲಾಯ್ತು, ಯಾರಿಗೂ ಹೇಳಿರ್ಲಿಲ್ಲ," ಅಂದರು. ಹೊರಗೆ ಬೀದಿಯಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿತ್ತು ಆ ದನಿ. "ಕಳೆದ ಸಲ ನಿಮ್ಮ ಮಗಂಗೆ ಸರಿಯಾಗಿ ಕೂತಿದೆ ಅಂತ ಹೊಗಳಿದ್ರಲ್ಲ, ಆ ಕೋಟು ಈಯಮ್ಮನ ಕೈದು. ಇನ್ನು ಈ ಅಂಗಡೀಲಿ ಕತ್ತರಿ ಈಯಮ್ಮಂದೇ. ಬೇಕಾದ್ರೆ ಹೊಲಿಸ್ಕೊಳ್ಳಿ, ಬೇಡಾಂದ್ರೆ ಬೇಜಾರಿಲ್ಲ."

ವ್ಯಾಪಾರಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಸೂಜಿ ಕೆಳಗಿಟ್ಟು, ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಂತೆ. ಅವರು ಆಗಲೇ ಹೊಟ್ಟೆ ಒಳಗೆಳೆದುಕೊಂಡಿದ್ದರು.

"ಸಾರ್," ಅಂದೆ, "ಬೆಳಿಗ್ಗೆ ಏನು ತಿಂಡಿ ತಿಂದ್ರಿ?"